ರೊಟ್ಟಿ ಮುರಿದು ಸಾರಿಗೆ ಹಾಕುವ ಊರು: ಶಿಯಾನ್‌ನಲ್ಲಿ ಹತ್ತೊಂಬತ್ತು ದಿನ

ಅಕ್ಟೋಬರ್ 29

ಸಿಂಗಪುರದಿಂದ ಹೊರಟ ವಿಮಾನ ಚೀನಾದ ಶಿಯಾನ್‌ನಲ್ಲಿ ಇಳಿದಾಗ ಕತ್ತಲಾಗಿತ್ತು. ಮಗಳು ಹೊರಗೆ ನಿಂತಿದ್ದಳು. ಎರಡು ವರ್ಷದ ಮೇಲೆ ಅವಳನ್ನು ನೋಡಿದ್ದು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ‘ಅವ್ವಾ, ಸ್ವೆಟರ್ ಹಾಕ್ಕೋ’ ಎಂದಳು. ಅದೇ ಮೊದಲ ಮಾತು.

ನಾನು ಬಾದಾಮಿ ತಾಲೂಕಿನವಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ಪ್ರತಿ ವರ್ಷ ಇಮ್ಮಡಿ ಪುಲಕೇಶಿಯ ಪಾಠ ಬರುತ್ತಿತ್ತು. ಆ ಪಾಠದಲ್ಲಿ ಒಂದು ಸಾಲು: ‘ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಇವನ ರಾಜ್ಯಕ್ಕೆ ಭೇಟಿ ನೀಡಿದನು.’ ಮಕ್ಕಳಿಗೆ ಅದು ಒಂದು ಅಂಕದ ಪ್ರಶ್ನೆ. ಅವನು ಎಲ್ಲಿಂದ ಬಂದ, ವಾಪಸ್ ಹೋಗಿ ಏನು ಮಾಡಿದ ಎಂದು ಹೇಳಲು ನಮಗೆ ಸಮಯವೇ ಇರುತ್ತಿರಲಿಲ್ಲ. ಅವನು ಹೊರಟದ್ದು ಈ ಊರಿನಿಂದ. ವಾಪಸ್ ಬಂದದ್ದೂ ಇಲ್ಲಿಗೇ. ಆಗ ಇದರ ಹೆಸರು ಚಾಂಗ್‌ಆನ್, ಟಾಂಗ್ ಅರಸರ ರಾಜಧಾನಿ. ಮಗಳನ್ನು ನೋಡುವ ಆಸೆ ಒಂದು ಕಡೆ, ಈ ಊರು ನೋಡುವ ಆಸೆ ಇನ್ನೊಂದು ಕಡೆ. ಎರಡೂ ಒಟ್ಟಿಗೇ ಸಿಕ್ಕಿತು.

ಅಕ್ಟೋಬರ್ 30

ಬೆಳಿಗ್ಗೆ ಏಳಾದರೂ ಸೂರ್ಯ ಸರಿಯಾಗಿ ಮೇಲೆ ಬಂದಿರಲಿಲ್ಲ. ಚೀನಾಕ್ಕೆಲ್ಲ ಬೀಜಿಂಗಿನ ಒಂದೇ ಗಡಿಯಾರ. ಶಿಯಾನ್ ಪಶ್ಚಿಮಕ್ಕಿರುವುದರಿಂದ ಇಲ್ಲಿ ಬೆಳಗಾಗುವುದು ತಡ.

ಊಟದ ವಿಷಯ ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕಡೆಯವರು ಹೊರಡುವ ಮುಂಚೆ ಕೇಳುವುದು ಅದನ್ನೇ ಅಲ್ವಾ? ನಾನು ಕುರಿ, ಕೋಳಿ ತಿನ್ನುತ್ತೇನೆ. ನಮ್ಮನೆಯವರು ಹತ್ತು ವರ್ಷದಿಂದ ಮಾಂಸ ಬಿಟ್ಟಿದ್ದಾರೆ. ಮಗಳು ಅವರಿಗೆ ಎರಡು ಮಾತು ಕಲಿಸಿದಳು. ‘ವೋ ಚ್ರ್ ಸೂ’ ಎಂದರೆ ನಾನು ಸಸ್ಯಾಹಾರಿ. ‘ಬು ಯಾವ್ ರೋ’ ಎಂದರೆ ಮಾಂಸ ಬೇಡ. ನನಗೂ ಎರಡು ಪದ: ‘ಯಾಂಗ್’ ಕುರಿ, ‘ನಿಯು’ ದನ. ಇಷ್ಟು ಗೊತ್ತಿದ್ದರೆ ಈ ಊರಿನಲ್ಲಿ ಹೊಟ್ಟೆಗೆ ತೊಂದರೆಯಿಲ್ಲ. ಇದು ಗೋಧಿಯ ನಾಡು. ಅನ್ನಕ್ಕಿಂತ ಹಿಟ್ಟಿನ ತಿನಿಸೇ ಜಾಸ್ತಿ.

ಮಧ್ಯಾಹ್ನ ಮನೆ ಹತ್ತಿರದ ಸಣ್ಣ ಅಂಗಡಿಯಲ್ಲಿ ‘ಯೋಪೊ ಮಿಯನ್’ ತಿಂದೆವು. ಬೆಂದ ಅಗಲ ನೂಡಲ್ಸ್ ಬಟ್ಟಲಿಗೆ ಹಾಕಿ, ಮೇಲೆ ಖಾರದ ಪುಡಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಇಟ್ಟರು. ಆಮೇಲೆ ಹೊಗೆ ಬರುವಷ್ಟು ಕಾದ ಎಣ್ಣೆಯನ್ನು ಅದರ ಮೇಲೆ ಸುರಿದರು. ಚುರ್ ಎಂದಿತು. ನಮ್ಮ ಒಗ್ಗರಣೆಯ ಸದ್ದೇ. ಬೆಳ್ಳುಳ್ಳಿ ಬೆಂದ ವಾಸನೆ ಬಂದಾಗ ಇವರು ನನ್ನ ಕಡೆ ನೋಡಿ ನಕ್ಕರು. ಕಲಸಿ ತಿಂದರೆ ಖಾರ, ಹುಳಿ, ಎಣ್ಣೆ ಮೂರೂ ನಾಲಿಗೆಗೆ ಹತ್ತುತ್ತವೆ. ಶಾನ್‌ಶಿ ಪ್ರಾಂತದ ವಿಶೇಷಗಳನ್ನು ಇಲ್ಲಿನ ಜನ ಸಾಲಾಗಿ ಹೇಳುತ್ತಾರಂತೆ: ನೂಡಲ್ಸ್ ಸೊಂಟದ ಪಟ್ಟಿಯಷ್ಟು ಅಗಲ, ರೊಟ್ಟಿ ಪಾತ್ರೆಯ ಮುಚ್ಚಳದಷ್ಟು ದೊಡ್ಡದು, ಎಣ್ಣೆ ಹಾಕಿದ ಖಾರವೇ ಒಂದು ಪಲ್ಯ. ಕೊನೆಯದನ್ನು ಕೇಳಿ ಬಹಳ ಖುಷಿಯಾಯಿತು. ರೊಟ್ಟಿಗೆ ಬರೀ ಕೆಂಪು ಖಾರ, ಎಣ್ಣೆ ಹಚ್ಚಿಕೊಂಡು ತಿಂದು ಬೆಳೆದವರು ನಾವು.

ಅಕ್ಟೋಬರ್ 31

ಊರಿನ ನಡುವೆ ಗಂಟೆ ಗೋಪುರ. ಅದರ ಪಕ್ಕದಲ್ಲೇ ನಗಾರಿ ಗೋಪುರ. ನಗಾರಿಯದು 1380ರಲ್ಲಿ, ಗಂಟೆಯದು 1384ರಲ್ಲಿ ಕಟ್ಟಿದ್ದು. ಊರು ಬೆಳೆದು ನಡುಭಾಗ ಬೇರೆ ಕಡೆ ಸರಿದಾಗ, 1582ರಲ್ಲಿ ಗಂಟೆ ಗೋಪುರವನ್ನೇ ಬಿಚ್ಚಿ ಈಗಿನ ಜಾಗಕ್ಕೆ ತಂದು ನಿಲ್ಲಿಸಿದರು. ಮರದ ಕಟ್ಟಡ ಆದ್ದರಿಂದ ಅದು ಸಾಧ್ಯವಾಯಿತು.

ನಗಾರಿ ಗೋಪುರ ದಾಟಿದರೆ ಮುಸ್ಲಿಂ ಓಣಿ. ಇಲ್ಲಿರುವುದು ಹುಯಿ ಜನ. ರೇಷ್ಮೆ ದಾರಿಯಲ್ಲಿ ಪಶ್ಚಿಮದಿಂದ ಬಂದ ವ್ಯಾಪಾರಿಗಳು ಇಲ್ಲೇ ನೆಲೆಸಿ ಬೆಳೆದ ಸಮುದಾಯ ಇದು. ಮುಖ್ಯ ಬೀದಿಯಲ್ಲಿ ಜನವೋ ಜನ. ಮಗಳು ನಮ್ಮನ್ನು ಪಕ್ಕದ ಸಂದಿಗಳಿಗೆ ಕರೆದುಕೊಂಡು ಹೋದಳು. ಒಳ್ಳೆಯದನ್ನೇ ಮಾಡಿದಳು. ಅಲ್ಲಿ ಮನೆಯವರೇ ನಿಂತು ಮಾಡಿ ಮಾರುವ ಅಂಗಡಿಗಳಿವೆ.

ಷಿಜಿ ಬಿಂಗ್ ಎಂಬುದನ್ನು ತಿಂದೆವು. ಪರ್ಸಿಮನ್ ಹಣ್ಣಿನ ತಿರುಳಿಗೆ ಹಿಟ್ಟು ಕಲಸಿ, ಒಳಗೆ ಸಕ್ಕರೆ, ಅಕ್ರೋಟಿನ ಹೂರಣ ತುಂಬಿ, ಚಪ್ಪಟೆ ಮಾಡಿ ಎಣ್ಣೆಯಲ್ಲಿ ಬೇಯಿಸುತ್ತಾರೆ. ಹೊರಗೆ ಗರಿಗರಿ, ಒಳಗೆ ಹೋಳಿಗೆಯ ಹಾಗೆ ಮೆತ್ತಗೆ. ಆಮೇಲೆ ಜೆಂಗ್‌ಗಾವ್: ಅಂಟಕ್ಕಿ, ಖರ್ಜೂರದಂಥ ಕೆಂಪು ಹಣ್ಣು, ಕೆಂಪು ಕಾಳು ಪದರ ಪದರವಾಗಿ ಹಾಕಿ ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿದ್ದು. ಇವರಿಗೆ ಇದು ಬಹಳ ಹಿಡಿಸಿತು.

ಅದೇ ಸಂದಿಗಳಲ್ಲಿ ದೊಡ್ಡ ಮಸೀದಿ ಇದೆ. 742ರಲ್ಲಿ ಶುರುವಾಯಿತೆಂದು ಅಲ್ಲಿನವರ ನಂಬಿಕೆ. ಈಗಿರುವ ಕಟ್ಟಡಗಳು ಮಿಂಗ್ ಅರಸರ ಕಾಲದಿಂದ ಬಂದವು. ಗುಮ್ಮಟ ಇಲ್ಲ. ಮಿನಾರಿನ ಜಾಗದಲ್ಲಿ ಮೂರು ಅಂತಸ್ತಿನ, ಎಂಟು ಮೂಲೆಯ ಮರದ ಗೋಪುರ. ಅಂಗಳ ದಾಟಿದರೆ ಇನ್ನೊಂದು ಅಂಗಳ, ಹಸಿರು ಹೆಂಚು, ಕಲ್ಲಿನ ಕಮಾನು. ಚೀನಾದ ದೇವಸ್ಥಾನಗಳು ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡಿರುತ್ತವೆ. ಇದು ಮಾತ್ರ ಮೆಕ್ಕಾದ ದಿಕ್ಕಿಗೆ, ಪಶ್ಚಿಮಕ್ಕೆ ಸಾಗುತ್ತದೆ. ಹೊರಗಿನ ಗದ್ದಲದಿಂದ ಹತ್ತು ಹೆಜ್ಜೆ ಒಳಗೆ ಬಂದರೆ ಗುಬ್ಬಿ ಕೂಗುವುದೂ ಕೇಳಿಸುತ್ತದೆ. ಕಲ್ಲಿನ ಬೆಂಚಿನ ಮೇಲೆ ಒಂದು ಗಂಟೆ ಸುಮ್ನೆ ಕೂತೆವು.

ನವೆಂಬರ್ 2

ಟೆರ್ರಾಕೋಟಾ ಸೈನ್ಯ, ಅಂದರೆ ಸುಟ್ಟ ಮಣ್ಣಿನ ಸೈನಿಕರ ಗೊಂಬೆಗಳನ್ನು ನೋಡಲು ಲಿಂಟಾಂಗ್‌ಗೆ ಹೋದೆವು. ಮೆಟ್ರೊದಲ್ಲಿ ಹುವಾಚಿಂಗ್ ನಿಲ್ದಾಣದವರೆಗೆ, ಅಲ್ಲಿಂದ ಬಸ್ಸು. ನಿಲ್ದಾಣದ ಹೊರಗೆ ಕಾರಿನವರು ಮುತ್ತಿಕೊಳ್ಳುತ್ತಾರೆ. ಒಬ್ಬ ಬೇಗ ಬಿಡುತ್ತೇನೆಂದು ಹತ್ತಿಸಿಕೊಂಡು, ಹೊಸದಾಗಿ ಮಾಡಿದ ಗೊಂಬೆಗಳ ಪ್ರದರ್ಶನದ ಮುಂದೆ ಇಳಿಸಿದ. ಮಗಳು ಜೋರು ಮಾಡಿದ ಮೇಲೆ ಸರಿಯಾದ ಬಾಗಿಲಿಗೆ ಬಿಟ್ಟ. ಬಸ್ಸೇ ಹತ್ತಿ.

1974ರ ಮಾರ್ಚ್ 29ರಂದು ಇಲ್ಲಿನ ರೈತರು ಬಾವಿ ತೋಡುತ್ತಿದ್ದರು. ಬರಗಾಲ. ನೀರಿನ ಬದಲು ಮಣ್ಣಿನ ತಲೆ, ಕೈ, ಕಂಚಿನ ಬಾಣದ ಮೊನೆ ಸಿಕ್ಕವು. ಹೀಗೆ ಹೊರಬಂದದ್ದು ಚಿನ್ ಷಿ ಹುವಾಂಗ್‌ನ ಸೈನ್ಯ. ಹದಿಮೂರನೇ ವಯಸ್ಸಿಗೆ ಪಟ್ಟಕ್ಕೆ ಬಂದವನು, ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದು ಮಾಡಿದವನು. ಲಿಪಿ, ತೂಕ, ಅಳತೆ, ಗಾಡಿಯ ಅಚ್ಚಿನ ಅಗಲ ಕೂಡ ದೇಶಕ್ಕೆಲ್ಲ ಒಂದೇ ಇರಬೇಕೆಂದ. ತಾನು ಸತ್ತ ಮೇಲೂ ಕಾವಲಿಗೆ ಸೈನ್ಯ ಬೇಕೆಂದು ಇದನ್ನು ಮಾಡಿಸಿದ.

ಒಂದನೇ ಗುಂಡಿಯ ಉದ್ದ 230 ಮೀಟರ್, ಅಗಲ 62 ಮೀಟರ್. ಕಟಾಂಜನದ ಹತ್ತಿರ ನಿಂತು ಕೆಳಗೆ ನೋಡಿದಾಗ ಮಾತು ಬರಲಿಲ್ಲ. ಸಾಲು ಸಾಲು ಆಳುಗಳು. ಎಲ್ಲ ಗುಂಡಿಗಳೂ ಸೇರಿ ಸುಮಾರು 8,000 ಇರಬಹುದೆಂದು ಅಂದಾಜು. ಹೆಚ್ಚಿನವು ಇನ್ನೂ ಮಣ್ಣಿನೊಳಗೇ ಇವೆ. ಎಲ್ಲವೂ ಬೂದಿ ಬಣ್ಣ ಎಂದುಕೊಂಡಿದ್ದೆ. ಮೊದಲು ಇವಕ್ಕೆ ಕೆಂಪು, ಹಸಿರು, ನೇರಳೆ ಬಣ್ಣ ಇತ್ತು. ಮಣ್ಣಿನಿಂದ ಹೊರಗೆ ಬಂದು ಒಣಗಾಳಿ ತಾಕಿದೊಡನೆ ಬಣ್ಣದ ಪದರ ಸುರುಳಿಯಾಗಿ ಉದುರಿಹೋಯಿತು. ಅದಕ್ಕೇ ಉಳಿದವನ್ನು ಅವಸರದಲ್ಲಿ ಅಗೆಯುತ್ತಿಲ್ಲ. ದೊರೆಯ ಗುಡ್ಡದಂಥ ಗೋರಿಯನ್ನೂ ತೆರೆದಿಲ್ಲ. ತಾಳ್ಮೆಯಿಂದ ಕಾಯುವುದು ದೊಡ್ಡ ಕೆಲಸ ಎಂದು ನನಗೆ ಅನ್ನಿಸಿತು.

ನನ್ನ ಕಣ್ಣಿಗೆ ಕಟ್ಟಿದಂತೆ ಉಳಿದಿರುವುದು ಮೊಣಕಾಲೂರಿ ಕೂತ ಬಿಲ್ಲುಗಾರ. ಗಾಜಿನ ಪೆಟ್ಟಿಗೆಯ ಹಿಂದೆ ಹೋಗಿ ಅವನ ಕಾಲಿನ ಅಂಗಾಲು ನೋಡಬೇಕು. ಜೋಡಿನ ಅಡಿಯಲ್ಲಿ ಹೊಲಿಗೆಯ ಚುಕ್ಕಿಗಳನ್ನು ಒಂದೊಂದಾಗಿ ಕೊರೆದಿದ್ದಾರೆ. ಬೆರಳು, ಹಿಮ್ಮಡಿಯ ಹತ್ತಿರ ಒತ್ತೊತ್ತಾಗಿ, ನಡುವೆ ಬಿಡಿಬಿಡಿಯಾಗಿ. ಮಣ್ಣಿನೊಳಗೆ ಹೂತುಹೋಗುವ ಗೊಂಬೆಯ ಅಂಗಾಲನ್ನು ಯಾರು ನೋಡುತ್ತಾರೆ? ಆದರೂ ಒಬ್ಬ ಕುಂಬಾರ ಕೂತು ಅಷ್ಟು ಕೆಲಸ ಮಾಡಿದ್ದಾನೆ.

ದಾರಿಯಲ್ಲಿ ಲಿಂಟಾಂಗ್‌ನ ದಾಳಿಂಬೆ ಕೊಂಡೆವು. ದಾಳಿಂಬೆ ಹೂವು ಶಿಯಾನ್‌ನ ನಗರ ಪುಷ್ಪ. ನಮ್ಮ ಬಾಗಲಕೋಟೆ ಕಡೆಯ ದಾಳಿಂಬೆ ನೋಡಿದವರಿಗೂ ಇವು ದೊಡ್ಡವೇ.

ನವೆಂಬರ್ 4, 5

ಊರಿನ ಸುತ್ತ ಕೋಟೆ ಗೋಡೆ. 1370ರ ದಶಕದಲ್ಲಿ ಮಿಂಗ್ ಅರಸರು ಕಟ್ಟಿಸಿದ್ದು. ಸುತ್ತಳತೆ ಸುಮಾರು 13.7 ಕಿಲೋಮೀಟರ್, ಎತ್ತರ 12 ಮೀಟರ್. ಮೇಲೆ ಅಗಲವಾದ ರಸ್ತೆಯೇ ಇದೆ. ಬಾಡಿಗೆ ಸೈಕಲ್ ಸಿಗುತ್ತದೆ. ಅಪ್ಪ, ಮಗಳು ಸೈಕಲ್ ಹೊಡೆದರು. ನಾನು ದಕ್ಷಿಣ ಬಾಗಿಲಿನಿಂದ ಪೂರ್ವಕ್ಕೆ ನಡೆದೆ.

ಗೋಡೆಗಿಂತ ಅದರ ಬುಡದ ಉದ್ಯಾನ ನನಗೆ ಹೆಚ್ಚು ಇಷ್ಟವಾಯಿತು. ಬೆಳಿಗ್ಗೆ ಅಲ್ಲಿ ವಯಸ್ಸಾದವರದ್ದೇ ರಾಜ್ಯ. ಒಬ್ಬ ಅಜ್ಜ ಮೊಳದುದ್ದದ ಕುಂಚವನ್ನು ನೀರಿನಲ್ಲಿ ಅದ್ದಿ ನೆಲದ ಕಲ್ಲಿನ ಮೇಲೆ ಬರೆಯುತ್ತಿದ್ದ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲ ಅಕ್ಷರ ಆರಿಹೋಗುತ್ತಿತ್ತು. ಸ್ವಲ್ಪ ದೂರದಲ್ಲಿ ಹತ್ತು ಹನ್ನೆರಡು ಜನ ಸೇರಿ ಚಿನ್‌ಚಿಯಾಂಗ್ ಹಾಡುತ್ತಿದ್ದರು. ಇದು ಇಲ್ಲಿನ ಹಳೆಯ ನಾಟಕದ ಹಾಡು. ಕಟ್ಟಿಗೆಯ ತಾಳ, ತಂತಿವಾದ್ಯ, ಎದೆ ಬಿರಿಯುವಂಥ ಏರುದನಿ. ನಮ್ಮ ಕಡೆ ಕೃಷ್ಣ ಪಾರಿಜಾತ ರಾತ್ರಿಯೆಲ್ಲ ನಡೆಯುತ್ತದೆ. ಅಲ್ಲಿನ ಗಟ್ಟಿ ದನಿ ಕೇಳಿದ ಕಿವಿಗೆ ಇದು ಹೊಸದೆನ್ನಿಸಲಿಲ್ಲ. ನಿಂತದ್ದನ್ನು ನೋಡಿ ಒಬ್ಬಾಕೆ ತನ್ನ ಮಡಚುವ ಕುರ್ಚಿ ಕೊಟ್ಟಳು. ಮರುದಿನವೂ ಹೋಗಿ ಕೂತೆ.

ಅಲ್ಲಿಂದ ಹತ್ತಿರವೇ ಕಲ್ಲುಗಳ ಕಾಡು ಎನ್ನುವ ವಸ್ತುಸಂಗ್ರಹಾಲಯ, ಬೇಲಿನ್. 1087ರಿಂದ ಇಲ್ಲಿ ಶಾಸನದ ಕಲ್ಲುಗಳನ್ನು ಕೂಡಿಸಿಟ್ಟಿದ್ದಾರೆ. 837ರಲ್ಲಿ ಕೊರೆದ 114 ಕಲ್ಲುಗಳ ಮುಂದೆ ಬಹಳ ಹೊತ್ತು ನಿಂತೆ. ಕಲಿಯುವವರು ಓದಲೇಬೇಕಾದ ಹನ್ನೆರಡು ಗ್ರಂಥಗಳು ಅವುಗಳ ಮೇಲಿವೆ. ಇಂಥ ಗ್ರಂಥಗಳನ್ನು ಇನ್ನೂ ಅಚ್ಚು ಹಾಕದ ಕಾಲ. ಕೈಯಿಂದ ನಕಲು ಮಾಡಿದರೆ ತಪ್ಪು ಬರುತ್ತದೆ. ಸರಿಯಾದ ಪಾಠ ಯಾವುದು ಎಂದು ನೋಡಿಕೊಳ್ಳಲಿ ಎಂದು ಕಲ್ಲಿನಲ್ಲೇ ಕೊರೆದು ನಿಲ್ಲಿಸಿದರು. ಮೂವತ್ತೊಂದು ವರ್ಷ ನೋಟ್‌ಬುಕ್ ತಿದ್ದಿದ ಕೈ ನನ್ನದು. ಕಣ್ಣು ತುಂಬಿ ಬಂತು.

781ರ ಇನ್ನೊಂದು ಕಲ್ಲು ಕ್ರೈಸ್ತ ಧರ್ಮ ಚೀನಾಕ್ಕೆ ಬಂದ ಕಥೆ ಹೇಳುತ್ತದೆ. ಚೀನೀ ಅಕ್ಷರಗಳ ಕೆಳಗೆ ಪಶ್ಚಿಮ ಏಷ್ಯಾದ ಹಳೆಯ ಸಿರಿಯಾಕ್ ಅಕ್ಷರಗಳಿವೆ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ತ್ರಿಪದಿ ಕೊರೆದದ್ದು ಸುಮಾರು 700ರಲ್ಲಿ. ನಮ್ಮ ಬಂಡೆಯೇ ಸ್ವಲ್ಪ ಹಿರಿಯದು. ಟಾಂಗ್ ದೊರೆ ತೈಜಾಂಗ್‌ನ ಗೋರಿಯ ಆರು ಕಲ್ಲಿನ ಕುದುರೆಗಳಲ್ಲಿ ನಾಲ್ಕು ಇಲ್ಲಿವೆ. ಎರಡು ಅಮೆರಿಕದ ಫಿಲಡೆಲ್ಫಿಯಾದಲ್ಲಿವೆ. ಆರೂ ಒಂದೇ ಕಡೆ ಇರಬೇಕಿತ್ತು.

ನವೆಂಬರ್ 7

ಇವತ್ತಿನದು ಒಂದೇ ಕೆಲಸ, ಯಾಂಗ್‌ರೋ ಪಾವ್‌ಮೊ ತಿನ್ನುವುದು. ಒಂದೇ ಊಟಕ್ಕೆ ಒಂದು ದಿನ ಕೊಡಬೇಕಾ ಎಂದು ಕೇಳಬೇಡಿ. ಕೊಡಬೇಕು.

ಕೂತೊಡನೆ ಖಾಲಿ ಬಟ್ಟಲು, ಅಂಗೈ ಅಗಲದ ಎರಡು ದಪ್ಪ ರೊಟ್ಟಿ ತಂದಿಟ್ಟರು. ಗೋಧಿ ಹಿಟ್ಟಿನದು, ಗಟ್ಟಿ, ಅರ್ಧ ಬೆಂದದ್ದು. ಅದನ್ನು ನಾವೇ ಬೆರಳಿನಿಂದ ಮುರಿಯಬೇಕು. ‘ಅವ್ವಾ, ಇನ್ನೂ ಸಣ್ಣಗೆ. ಸೋಯಾ ಕಾಳಿನಷ್ಟು’ ಎಂದಳು ಮಗಳು. ಸುತ್ತಲೂ ನೋಡಿದರೆ ಎಲ್ಲರೂ ಮಾತಾಡುತ್ತ ಮುರಿಯುತ್ತಿದ್ದಾರೆ. ಅಜ್ಜಂದಿರು ಅರ್ಧ ಗಂಟೆ ಹಾಗೇ ಕೂತಿರುತ್ತಾರೆ. ಮುರಿದಾದ ಮೇಲೆ ಬಟ್ಟಲಿಗೆ ನಂಬರಿನ ಬಿಲ್ಲೆ ಹಾಕಿ ಒಳಗೆ ತೆಗೆದುಕೊಂಡು ಹೋಗುತ್ತಾರೆ. ಅಡುಗೆಯವನು ಕುರಿ ಎಲುಬಿನ ಸಾರಿನಲ್ಲಿ ಆ ಚೂರುಗಳನ್ನು ಕುದಿಸಿ, ಸಣ್ಣ ಶಾವಿಗೆ, ಮಾಂಸದ ಹೋಳು ಹಾಕಿ ಕಳಿಸುತ್ತಾನೆ. ಚೂರು ದಪ್ಪ ಇದ್ದರೆ ಒಳಗೆ ಸಾರು ಇಳಿಯುವುದಿಲ್ಲ. ಜೊತೆಗೆ ಸಿಹಿ ಉಪ್ಪಿನಕಾಯಿಯ ಬೆಳ್ಳುಳ್ಳಿ, ಖಾರದ ಚಟ್ನಿ. ಕಲಸಬಾರದು, ಅಂಚಿನಿಂದ ತಿನ್ನುತ್ತ ಬರಬೇಕು.

ಮೊದಲ ತುತ್ತಿಗೇ ನನಗೆ ನಮ್ಮವ್ವನ ನೆನಪು ಬಂತು. ಕಟಕ್ ರೊಟ್ಟಿಯನ್ನು ಮುರಿದು ಬಿಸಿ ಸಾರಿನಲ್ಲಿ ಹಾಕಿ, ಮೇಲೆ ತಟ್ಟೆ ಮುಚ್ಚಿ ಇಡುತ್ತಿದ್ದಳು. ‘ನೆನೀಲಿ ತಡಿ’ ಎನ್ನುತ್ತಿದ್ದಳು. ಆ ತಡಿ ಎನ್ನುವ ಮಾತೇ ಈ ಊಟದ ತಿರುಳು.

ಇವರು ಎದುರಿನ ಅಂಗಡಿಯಲ್ಲಿ ತ್ಸಾಯ್‌ಜಿಯಾಮೊ ತಿಂದು ಬಂದರು. ಬಿಸಿ ರೊಟ್ಟಿ ಸೀಳಿ, ಒಳಗೆ ಆಲೂಗಡ್ಡೆ ಎಳೆ, ಮೆಣಸಿನಕಾಯಿ, ಶೇಂಗಾ, ಖಾರದ ಎಣ್ಣೆ ತುಂಬಿದ್ದು. ಮಾಂಸ ಬಿಟ್ಟವರಿಗೆ ಶಿಯಾನ್‌ನ ಬೀದಿಯಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಹುಳಿಖಾರದ ತಣ್ಣನೆ ನೂಡಲ್ಸ್ ಲಿಯಾಂಗ್‌ಪಿಯೂ ಅವರಿಗೆ ಆಗುತ್ತಿತ್ತು.

ನವೆಂಬರ್ 8ರಿಂದ 10

ಮಗಳಿಗೆ ಲ್ಯಾಬ್ ಕೆಲಸ. ನನಗೆ ಸ್ವಲ್ಪ ನೆಗಡಿ. ಮನೆಯೊಳಗೆ ಚಳಿ. ಈ ಊರಿನಲ್ಲಿ ಮನೆಮನೆಗೆ ಕೊಳವೆಯಲ್ಲಿ ಬಿಸಿ ಬರುತ್ತದೆ. ಅದನ್ನು ಶುರು ಮಾಡುವುದು ನವೆಂಬರ್ 15ಕ್ಕೆ. ಅಲ್ಲಿಯವರೆಗೆ ಸ್ವೆಟರೇ ಗತಿ.

ಕೆಳಗಿನ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮಗಳು ಅವರನ್ನು ‘ನಾಯ್‌ನಾಯ್’ ಎನ್ನುತ್ತಾಳೆ. ನಾನು ಕೆಮ್ಮಿದ್ದು ಮೆಟ್ಟಿಲಲ್ಲಿ ಕೇಳಿ ಶುಂಠಿ, ಕೆಂಪು ಸಕ್ಕರೆ ಹಾಕಿದ ಬಿಸಿ ನೀರು ತಂದರು. ಮರುದಿನ ಒಂದು ಬುಟ್ಟಿ ಪರ್ಸಿಮನ್. ನನಗೆ ಅವರ ಭಾಷೆ ಬರದು, ಅವರಿಗೆ ನನ್ನದು ಬರದು. ಆದರೂ ಅರ್ಧ ಗಂಟೆ ಕೈ ಹಿಡಿದು ಕೂತಿದ್ದರು.

ನವೆಂಬರ್ 12

ದೊಡ್ಡ ಹೆಬ್ಬಾತಿನ ಗೋಪುರ. ಇದಕ್ಕಾಗಿಯೇ ಕಾದಿದ್ದೆ.

ಹ್ಯೂಯೆನ್ ತ್ಸಾಂಗ್ 629ರ ಹೊತ್ತಿಗೆ ಗುಟ್ಟಾಗಿ ಹೊರಟ. ಗಡಿ ದಾಟಬಾರದೆಂದು ದೊರೆಯ ಆಜ್ಞೆ ಇತ್ತು. ಮರುಭೂಮಿ, ಹಿಮದ ಬೆಟ್ಟ ದಾಟಿ ನಳಂದಾಕ್ಕೆ ಬಂದು ಓದಿದ. ಹರ್ಷನನ್ನು ಕಂಡ. ದಕ್ಷಿಣಕ್ಕೆ ಇಳಿದು ಚಾಲುಕ್ಯರ ನಾಡಿಗೂ ಬಂದ. ಹರ್ಷನಿಗೆ ತಲೆಬಾಗದ ಪುಲಕೇಶಿಯ ಬಗ್ಗೆ ಬರೆದ. ನಮ್ಮ ಜನ ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಅವಮಾನ ಮಾಡಿದವರನ್ನು ಬಿಡುವುದಿಲ್ಲ, ಕಷ್ಟ ಎಂದು ಬಂದವರಿಗೆ ತಮ್ಮ ಜೀವದ ಯೋಚನೆ ಬಿಟ್ಟು ನೆರವಾಗುತ್ತಾರೆ ಎಂದೂ ಬರೆದ. ಅದೇ ದೊರೆಯನ್ನು ಐಹೊಳೆಯಲ್ಲಿ ರವಿಕೀರ್ತಿ 634ರಲ್ಲಿ ಹೊಗಳಿದ್ದಾನೆ. ಆದರೆ ರವಿಕೀರ್ತಿ ಆಸ್ಥಾನದವನು. ಇವನು ಹೊರಗಿನವನು. ಹೊರಗಿನವನ ಮಾತಿಗೆ ಬೇರೆಯೇ ತೂಕ.

645ರಲ್ಲಿ 657 ಗ್ರಂಥಗಳನ್ನು ಹೊತ್ತು ಈ ಊರಿಗೆ ವಾಪಸ್ ಬಂದ. ತಡೆದಿದ್ದ ದೊರೆ ತೈಜಾಂಗ್‌ನೇ ಆಮೇಲೆ ಕರೆಸಿಕೊಂಡು ಗೌರವಿಸಿದ. ಆ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿದ್ದು ಈ ಗೋಪುರ. ಮೊದಲು ಐದು ಅಂತಸ್ತು, ಈಗ ಏಳು. ಎತ್ತರ 64 ಮೀಟರ್. ಬಣ್ಣವಿಲ್ಲ, ಚಿತ್ತಾರ ಕಡಿಮೆ. ಬರೀ ಇಟ್ಟಿಗೆ. ಕಿರಿದಾದ ಮೆಟ್ಟಿಲು ಹತ್ತಿ ಮೇಲೆ ಹೋದೆ. ನಾಲ್ಕು ದಿಕ್ಕಿಗೂ ಒಂದೊಂದು ಕಿಟಕಿ. ಪಶ್ಚಿಮದ ಕಿಟಕಿಯಲ್ಲಿ ನಿಂತು ಇವರಿಗೆ ಹೇಳಿದೆ, ‘ಈ ಕಡೆಯಿಂದಲೇ ನಮ್ಮ ದೇಶಕ್ಕೆ ಹೊರಟದ್ದು.’ ನಾನು ಕಲಿಸಿದ ಮಕ್ಕಳೆಲ್ಲ ಒಂದು ಸಲ ಇಲ್ಲಿ ನಿಲ್ಲಬೇಕಿತ್ತು ಅನ್ನಿಸಿತು.

ಸಂಜೆ ದೀಪದ ಬೀದಿಯಲ್ಲಿ ಹುಡುಗಿಯರು ಟಾಂಗ್ ಕಾಲದ ಉಡುಗೆ ಬಾಡಿಗೆಗೆ ತಂದು ಉಟ್ಟು, ತುರುಬಿಗೆ ಹೂ ಮುಡಿದು ಓಡಾಡುತ್ತಿದ್ದರು. ಚೆಂದ ಕಾಣುತ್ತಿದ್ದರು.

ನವೆಂಬರ್ 13

ಲಿಚುವಾನ್ ಕಡೆಯ ಯುವಾನ್‌ಜಿಯಾ ಹಳ್ಳಿಗೆ ಹೋಗಿ ಬಂದೆವು. ಹಳ್ಳಿಯ ತಿನಿಸಿಗೇ ಹೆಸರಾದ ಜಾಗ. ಅಲ್ಲಿ ಜಿಯಾವ್‌ತುವಾನ್ ತಿಂದೆ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಕೋಲಿನಿಂದ ಒಂದೇ ಸಮ ತಿರುವಿ ಗಟ್ಟಿ ಮಾಡಿದ್ದು. ನಮ್ಮ ಸಂಗಟಿಯೇ ಸರಿ! ಹುಳಿಖಾರದ ನೀರಿನಲ್ಲಿ ಮುಳುಗಿಸಿ ಕೊಡುತ್ತಾರೆ. ಬಡವರ ಊಟವಾಗಿತ್ತು, ಈಗ ಸಾಲು ನಿಂತು ತಿನ್ನುತ್ತಾರೆ.

ನವೆಂಬರ್ 14

ಬೆಳಿಗ್ಗೆ ಗು ಗುವಾನ್‌ಯಿನ್ ದೇವಸ್ಥಾನದ ಗಿಂಕ್ಗೊ ಮರ ನೋಡಿದೆವು. ತೈಜಾಂಗ್ ದೊರೆ ನೆಟ್ಟದ್ದೆಂದು ಹೇಳುತ್ತಾರೆ. ಮರವೂ ಅಂಗಳವೂ ಅರಿಶಿನ ಚೆಲ್ಲಿದಂತೆ ಹಳದಿ.

ಮಧ್ಯಾಹ್ನ ಶಿಂಗ್‌ಜಿಯಾವ್ ದೇವಸ್ಥಾನ. ಊರ ದಕ್ಷಿಣಕ್ಕೆ, ಹೊಲಗಳ ಮೇಲಿನ ದಿಬ್ಬದಲ್ಲಿದೆ. ಪ್ರವಾಸಿಗರೇ ಇರಲಿಲ್ಲ. 664ರಲ್ಲಿ ತೀರಿಕೊಂಡ ಹ್ಯೂಯೆನ್ ತ್ಸಾಂಗ್‌ನ ಅಸ್ಥಿಯನ್ನು 669ರಲ್ಲಿ ಇಲ್ಲಿಗೆ ತಂದರು. ಐದು ಅಂತಸ್ತಿನ ಇಟ್ಟಿಗೆಯ ಸಣ್ಣ ಗೋಪುರ, ಪಕ್ಕದಲ್ಲಿ ಇಬ್ಬರು ಶಿಷ್ಯರ ಇನ್ನೂ ಸಣ್ಣ ಗೋಪುರಗಳು. ಒಬ್ಬ ಶಿಷ್ಯ ಕೊರಿಯಾದವನು. ನಾನು ಬಾದಾಮಿಯ ಕೆಂಪು ಮಣ್ಣು ಒಂದು ಚಿಟಿಕೆ ತಂದಿದ್ದೆ. ಗೋಪುರದ ಬುಡದ ಹುಲ್ಲಿನಲ್ಲಿ ಹಾಕಿ ಕೈ ಮುಗಿದೆ. ಇವರೂ ಚಪ್ಪಲಿ ಬಿಟ್ಟು ನಿಂತರು.

ನವೆಂಬರ್ 15

ಬೆಳಿಗ್ಗೆ ಗೋಡೆಯ ಕೊಳವೆಗಳು ಟಕಟಕ ಎಂದವು. ಮನೆ ಬೆಚ್ಚಗಾಯಿತು. ನಾಳೆ ಹೊರಡಬೇಕು.

ಮಗಳಿಗೆ ರೊಟ್ಟಿ ಬೇಕಂತೆ. ಕಾಳಿನ ಅಂಗಡಿಯಲ್ಲಿ ಗಾವ್‌ಲಿಯಾಂಗ್ ಹಿಟ್ಟು ಸಿಕ್ಕಿತು. ಗಾವ್‌ಲಿಯಾಂಗ್ ಎಂದರೆ ನಮ್ಮ ಜೋಳವೇ. ಇಲ್ಲಿನದು ಸ್ವಲ್ಪ ಕೆಂಪು. ಕುದಿಯುವ ನೀರು ಹಾಕಿ ನಾದಿದೆ. ಮೊದಲ ಎರಡು ಸೀಳಿದವು. ಮೂರನೆಯದು ಸರಿಯಾಗಿ ಬಂತು. ಬಡಿಯುವ ಸದ್ದು ಕೆಳಗೆ ಕೇಳಿಸಿತೋ ಏನೋ, ನಾಯ್‌ನಾಯ್ ಮೇಲೆ ಬಂದರು. ಹಿಟ್ಟು ಮುಟ್ಟಿ ನೋಡಿದರು. ಹೆಂಚಿನ ಮೇಲೆ ಉಬ್ಬುವುದನ್ನು ನೋಡಿ ಚಪ್ಪಾಳೆ ತಟ್ಟಿದರು.

ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ, ಬೇಳೆ ಸಾರು ಬಡಿಸಿದೆ. ಅವರು ಪಲ್ಯದ ಕಡೆ ಕೈ ಹಾಕಲಿಲ್ಲ. ಸಾರಿನ ಬಟ್ಟಲನ್ನು ಹತ್ತಿರ ಎಳೆದುಕೊಂಡರು. ರೊಟ್ಟಿ ಕೈಯಲ್ಲಿ ಹಿಡಿದು, ಯಾರೂ ಹೇಳದೆಯೇ, ಕಾಳಿನಷ್ಟು ಸಣ್ಣಗೆ ಮುರಿಯತೊಡಗಿದರು. ಮುರಿದಾದ ಮೇಲೆ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ, ನನ್ನ ಕಡೆ ನೋಡಿ, ತಡಿ ಎಂಬಂತೆ ಕೈ ಮಾಡಿದರು.